ಅಂಗಾಲು ಜುಮು ಜುಮು, ಮರೆವು, ಮನಸ್ಸು ಮಂಕು: ಒಂದೆಲಗ ಸಾಕಾ, ಬಿ12 ಬೇಕಾ?

ಪ್ರಶ್ನೆ (ಶಿರಸಿ ಕಡೆಯ ಸದಸ್ಯೆ): ನಮಸ್ತೆ ಡಾಕ್ಟ್ರೇ. ನಮ್ಮ ಅತ್ತೆಗೆ 64 ವರ್ಷ. ಹನ್ನೊಂದು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ನುಂಗುತ್ತಾರೆ. ಆರು ತಿಂಗಳಿಂದ ಅಂಗಾಲು ಜುಮು ಜುಮು ಅನ್ನುತ್ತದೆ, ಹತ್ತಿಯ ಮೇಲೆ ನಡೆದ ಹಾಗಾಗುತ್ತದೆ ಅನ್ನುತ್ತಾರೆ. ಮೊನ್ನೆ ಒಂದು ಚಪ್ಪಲಿ ಅಂಗಳದಲ್ಲೇ ಕಳಚಿ ಬಿದ್ದಿತ್ತು. ಅವರು ಅದು ಗೊತ್ತಾಗದೆ ಒಂದೇ ಚಪ್ಪಲಿಯಲ್ಲಿ ಕೊಟ್ಟಿಗೆವರೆಗೂ ಹೋಗಿದ್ದರು. ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ. ಮದುವೆ, ಪೂಜೆ ಅಂದರೆ ಎಲ್ಲರಿಗಿಂತ ಮುಂದೆ ಇರುತ್ತಿದ್ದವರು ಈಗ ಕೋಣೆ ಬಿಟ್ಟು ಬರುವುದಿಲ್ಲ. ಸುಮ್ನೆ ಕೂತಾಗಲೂ ಕಣ್ಣಲ್ಲಿ ನೀರು. ಮನೆಯವರೆಲ್ಲ ವಯಸ್ಸಾಯ್ತು ಅನ್ನುತ್ತಾರೆ. ನಾವು ಮೊಟ್ಟೆಯನ್ನೂ ತಿನ್ನುವವರಲ್ಲ. ದಿನಾ ಒಂದೆಲಗದ ತಂಬುಳಿ ಮಾಡಿಕೊಡುತ್ತಿದ್ದೇನೆ. ಅಶ್ವಗಂಧದ ಪುಡಿಯನ್ನೂ ಶುರು ಮಾಡಲಾ? ನರಕ್ಕೆ ಒಳ್ಳೆಯದು ಅಲ್ವಾ?

ಉತ್ತರ (ಫಿಜಿಷಿಯನ್): ಆ ಚಪ್ಪಲಿಯ ವಿಷಯ ಬರೆದಿದ್ದು ಬಹಳ ಒಳ್ಳೆಯದಾಯಿತು. ಇದನ್ನು ದಯವಿಟ್ಟು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಈ ವಾರವೇ ಅವರ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ.

ನಮ್ಮ ನರಗಳ ಮೇಲೆ ಕರೆಂಟು ವೈರಿನ ಪ್ಲಾಸ್ಟಿಕ್ ಹಾಗೆ ಒಂದು ಹೊದಿಕೆ ಇರುತ್ತದೆ. ಅದಕ್ಕೆ ಮಯಲಿನ್ ಅಂತ ಹೆಸರು. ಅದು ಗಟ್ಟಿಯಾಗಿರಲು ಬಿ12 ಬೇಕೇ ಬೇಕು. ಬಿ12 ಕಡಿಮೆಯಾದರೆ ಮೊದಲು ಉದ್ದದ ನರಗಳಿಗೆ, ಅಂದರೆ ಪಾದಕ್ಕೆ, ತೊಂದರೆ. ಬೆನ್ನುಹುರಿಯ ಹಿಂಭಾಗಕ್ಕೂ ಪೆಟ್ಟು ಬೀಳುತ್ತದೆ. ಕಾಲು ಎಲ್ಲಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ದಾರಿ ಅದು. ಅದಕ್ಕೇ ಚಪ್ಪಲಿ ಕಳಚಿದ್ದು ತಿಳಿಯುವುದಿಲ್ಲ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಮೈ ತೂರಾಡುತ್ತದೆ. ನಾನು ತಟ್ಟಿದರೆ ಕಂಪಿಸುವ ಲೋಹದ ಕವೆಯನ್ನು (ಟ್ಯೂನಿಂಗ್ ಫೋರ್ಕ್) ಇಂಥವರ ಕಾಲಿನ ಹೆಬ್ಬೆರಳಿನ ಮೂಳೆಗೆ ಒತ್ತಿ ಹಿಡಿದು ಏನಾಗುತ್ತಿದೆ ಅಂತ ಕೇಳುತ್ತೇನೆ. "ತಣ್ಣಗಿದೆ" ಅನ್ನುತ್ತಾರೆ. ಅದು ನಡುಗುತ್ತಿರುವುದೇ ಗೊತ್ತಾಗುವುದಿಲ್ಲ. ಮರೆವು, ಅಳು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕೂಡ ಇದೇ ಕೊರತೆಯಿಂದ ಬರಬಹುದು.

ನಿಮ್ಮ ಅತ್ತೆಯ ವಿಷಯದಲ್ಲಿ ಕಾರಣ ಎರಡೆರಡಿವೆ. ಬಿ12 ತಯಾರಿಸುವುದು ಬ್ಯಾಕ್ಟೀರಿಯಾ. ಗಿಡ, ಸೊಪ್ಪು, ಕಾಳಿನಲ್ಲಿ ಅದು ಇಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ದಾರಿ. ದಿನಕ್ಕೆ ಬೇಕಾಗುವುದು ಎರಡು, ಎರಡೂವರೆ ಮೈಕ್ರೋಗ್ರಾಂ ಅಷ್ಟೇ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಸಿಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಗಟ್ಟಿ ಮೊಸರು ಗಂಡಸರಿಗೆ, ಮಕ್ಕಳಿಗೆ. ಹೆಂಗಸರ ಪಾಲಿಗೆ ಕೊನೆಯ ಪಂಕ್ತಿಯ ನೀರು ಮಜ್ಜಿಗೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಎರಡನೆಯದು ಮೆಟ್‌ಫಾರ್ಮಿನ್. ಒಳ್ಳೆಯ ಮಾತ್ರೆ, ನಿಲ್ಲಿಸಬೇಡಿ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ. ದಿನಾ ಗ್ಯಾಸ್ ಮಾತ್ರೆ ನುಂಗುವವರಿಗೂ ಇದೇ ಅಪಾಯ.

ಒಂದೆಲಗ ಒಳ್ಳೆಯ ಸೊಪ್ಪು, ತಂಬುಳಿ ಧಾರಾಳವಾಗಿ ಮಾಡಿ. ಅದರಲ್ಲಿ ಬಿ12 ಇಲ್ಲ ಅನ್ನುವುದಷ್ಟೇ ನೆನಪಿರಲಿ. ಅಶ್ವಗಂಧ ಈಗ ಬೇಡ. ಅದು ಶುಗರ್ ಮಾತ್ರೆಯ ಜೊತೆ ಸಕ್ಕರೆಯನ್ನು ಇನ್ನೂ ಇಳಿಸಬಹುದು, ಥೈರಾಯ್ಡ್ ಲೆಕ್ಕ ಏರುಪೇರು ಮಾಡಬಹುದು. ಕೆಲವರಿಗೆ ಲಿವರ್‌ಗೂ ಪೆಟ್ಟಾಗಿದೆ.

ಶುಗರ್‌ನಿಂದಲೂ ಪಾದದ ನರ ಕೆಡುತ್ತದೆ, ಥೈರಾಯ್ಡ್‌ನಿಂದಲೂ ಮನಸ್ಸು ಮಂಕಾಗುತ್ತದೆ. ಹಾಗಾಗಿ ಬಿ12 ಜೊತೆ ಟಿಎಸ್‌ಹೆಚ್ (ಥೈರಾಯ್ಡ್ ಪರೀಕ್ಷೆ), ಹೆಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ರಕ್ತದ ಕೌಂಟ್ ಕೂಡ ನೋಡಿಸಿ. ರಕ್ತ ಕೊಡುವ ಮೊದಲು ಯಾವ ವಿಟಮಿನ್ ಮಾತ್ರೆಯನ್ನೂ ಶುರು ಮಾಡಬೇಡಿ, ರಿಪೋರ್ಟ್ ದಾರಿ ತಪ್ಪಿಸುತ್ತದೆ.

ದಾವಣಗೆರೆ ಸದಸ್ಯ: ಸರ್, ಇಡ್ಲಿ ದೋಸೆ ಹಿಟ್ಟು ಹುಳಿ ಬಂದಾಗ ಬಿ12 ಆಗುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಸ್ಪಿರುಲಿನಾ ಅನ್ನುವ ಪಾಚಿಯ ಮಾತ್ರೆ ಕೂಡ ಇದೆಯಲ್ಲ?

ಉತ್ತರ: ಹಿಟ್ಟಿನಲ್ಲಿ ಆಗುವುದನ್ನು ನಂಬಿ ಕೂರುವಂತಿಲ್ಲ ಅಣ್ಣಾ. ಹಾಗಿದ್ದಿದ್ದರೆ ದಿನಾ ದೋಸೆ ತಿನ್ನುವ ನಮ್ಮವರಿಗೆ ಕೊರತೆಯೇ ಬರುತ್ತಿರಲಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ಬಿ12 ತರಹ ಕಾಣುವ ಬೇರೆ ವಸ್ತು. ನಮ್ಮ ದೇಹಕ್ಕೆ ಅದು ಉಪಯೋಗವಿಲ್ಲ. ಇನ್ನೊಂದು ಮಾತು. ರಕ್ತ ಕಮ್ಮಿ ಅಂತ ಬರೀ ಫೋಲಿಕ್ ಆಸಿಡ್ ನುಂಗಬೇಡಿ. ಬಿ12 ಕೊರತೆ ಇದ್ದಾಗ ಅದು ರಕ್ತವನ್ನು ಸರಿ ಮಾಡಿ ಎಲ್ಲಾ ಚೆನ್ನಾಗಿದೆ ಅಂತ ತೋರಿಸುತ್ತದೆ. ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ಬೆಂಗಳೂರು ಸದಸ್ಯೆ: ನನಗೆ 29. ಡಿಪ್ರೆಶನ್‌ಗೆ ಎಂಟು ತಿಂಗಳಿಂದ ಮಾತ್ರೆ ನಡೆಯುತ್ತಿದೆ. ಈಗ ಬಿ12 180 ಬಂದಿದೆ. ಹಾಗಾದರೆ ನನ್ನ ಕಾಯಿಲೆ ಇದೇ ಅಲ್ವಾ? ಆ ಮಾತ್ರೆ ನಿಲ್ಲಿಸಲಾ?

ಉತ್ತರ: ಬೇಡಮ್ಮ, ನಿಲ್ಲಿಸಬೇಡಿ. 200ಕ್ಕಿಂತ (ಪಿಕೋಗ್ರಾಂ/ಎಂಎಲ್ ಲೆಕ್ಕದಲ್ಲಿ) ಕೆಳಗೆ ಅಂದರೆ ಕೊರತೆ, ಅದನ್ನು ತುಂಬಿಸಲೇಬೇಕು. ಆದರೆ ಕೊರತೆಯೂ ಡಿಪ್ರೆಶನ್ನೂ ಒಬ್ಬರಲ್ಲೇ ಬೇರೆ ಬೇರೆಯಾಗಿ ಇರಬಹುದು. ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ತಲೆ ತಿರುಗು, ನಿದ್ದೆಗೇಡು, ಕಾಯಿಲೆ ಮರುಕಳಿಸುವುದು ಎಲ್ಲಾ ಆಗಬಹುದು. ಈ ರಿಪೋರ್ಟನ್ನು ನಿಮ್ಮ ಮನೋವೈದ್ಯರಿಗೆ ತೋರಿಸಿ, ಎರಡೂ ಜೊತೆಯಲ್ಲೇ ನಡೆಯಲಿ. ಬದುಕು ಸಾಕು ಅನ್ನಿಸಿದ ರಾತ್ರಿ ಒಬ್ಬರೇ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಶಿರಸಿ ಸದಸ್ಯೆ (ಐದು ದಿನದ ನಂತರ): ಡಾಕ್ಟ್ರೇ, ರಿಪೋರ್ಟ್ ಬಂತು. ಬಿ12 128. ಥೈರಾಯ್ಡ್ ಸರಿ ಇದೆ. ಇಲ್ಲಿನ ಡಾಕ್ಟರ್ ಇಂಜೆಕ್ಷನ್ ಬರೆದಿದ್ದಾರೆ. ಅತ್ತೆಗೆ ಸೂಜಿ ಅಂದರೆ ಭಯ, ಮಾತ್ರೆ ಆಗಲ್ವಾ ಅನ್ನುತ್ತಿದ್ದಾರೆ. ಹಾಲು ಜಾಸ್ತಿ ಮಾಡಿದರೆ ಸಾಲದಾ?

ಉತ್ತರ: ಬರೀ ಹಾಲಿನಿಂದ ಈ ಹಳ್ಳ ತುಂಬುವುದಿಲ್ಲ. ನಮ್ಮ ಲಿವರ್ ವರ್ಷಗಳಿಗಾಗುವಷ್ಟು ಬಿ12 ಕೂಡಿಟ್ಟಿರುತ್ತದೆ. ಅವರದು ಆ ಗಂಟೇ ಖಾಲಿಯಾಗಿದೆ. 1000 ಮೈಕ್ರೋಗ್ರಾಂ ಮಾತ್ರೆಯೂ ಕೆಲಸ ಮಾಡುತ್ತದೆ, ಯಾಕೆಂದರೆ ಅದರಲ್ಲಿ ನೂರಕ್ಕೆ ಒಂದು ಪಾಲು ಹೇಗಾದರೂ ರಕ್ತ ಸೇರುತ್ತದೆ. ಆದರೆ ನರಕ್ಕೆ ತೊಂದರೆ ಆಗಿರುವಾಗ ಶುರುವಿಗೆ ಇಂಜೆಕ್ಷನ್ನೇ ಸರಿ. ಕೆಲವು ವಾರ ಧೈರ್ಯ ಹೇಳಿ ಕೂರಿಸಿ, ಆಮೇಲೆ ಮಾತ್ರೆಗೆ ಬದಲಿಸಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಮೆಟ್‌ಫಾರ್ಮಿನ್ ಇರುವವರೆಗೂ ಬಿ12 ಮೇಲೆ ಒಂದು ಕಣ್ಣಿರಬೇಕು.

ಮೆಡಿಕಲ್ ಶಾಪಿನಲ್ಲಿ "ನರದ ಮಾತ್ರೆ ಕೊಡಿ" ಅಂತ ಮಾತ್ರ ಕೇಳಬೇಡಿ. ಬಿ12 ಜೊತೆ ಪ್ರಿಗಾಬಲಿನ್ ಅನ್ನುವ ನರನೋವಿನ ಔಷಧಿ ಸೇರಿರುವ ಮಾತ್ರೆಗಳಿವೆ. ಅದರಿಂದ ವಯಸ್ಸಾದವರಿಗೆ ತೂಕಡಿಕೆ ಬರುತ್ತದೆ, ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ.

ಸುಸ್ತು ಬೇಗ ಕಡಿಮೆಯಾಗುತ್ತದೆ. ಪಾದ ಸರಿಹೋಗಲು ಮೂರು, ಆರು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಹಳೆಯ ಪೆಟ್ಟು ಪೂರ್ತಿ ಹೋಗದೆಯೂ ಇರಬಹುದು, ಅದನ್ನು ಅವರಿಗೆ ಈಗಲೇ ಮೆಲ್ಲಗೆ ಹೇಳಿ. ನಡಿಗೆ ದಿಢೀರ್ ಕೆಟ್ಟರೆ ಅಥವಾ ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪಾದ ಸರಿಹೋಗುವವರೆಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ, ಸ್ನಾನಕ್ಕೆ ಸ್ಟೂಲ್ ಇಡಿ, ದಿನಾ ಮಲಗುವ ಮುಂಚೆ ಅವರ ಅಂಗಾಲನ್ನು ನೀವೇ ಬೆಳಕಿನಲ್ಲಿ ನೋಡಿ. ಮುಳ್ಳು ಚುಚ್ಚಿದ್ದರೂ ಅವರಿಗೆ ಗೊತ್ತಾಗಿರುವುದಿಲ್ಲ.