ಕೀ ಹೊಂದಿಸಿ ಮಿಕ್ಸ್ ಮಾಡುವಾಗ ಮುಂದಿನ ಟ್ರ್ಯಾಕ್ ಆರಿಸುವುದು ಹೇಗೆ?

ಇರುಳಹಕ್ಕಿ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷಗಳಿಂದ ಬೆಂಗಳೂರಿನ ಒಂದು ಪಬ್ಬಿನಲ್ಲಿ ವಾರಾಂತ್ಯಗಳಲ್ಲಿ ಡಿಜೆ ಕೆಲಸ ಮಾಡುತ್ತಿದ್ದೇನೆ. ಹೆಚ್ಚಾಗಿ 120ರಿಂದ 126 ಬಿಪಿಎಂ (ನಿಮಿಷಕ್ಕೆ ಬೀಟ್‌ಗಳು) ನಡುವಿನ ಮೆಲೋಡಿಕ್ ಹೌಸ್ ಎಂಬ ನೃತ್ಯಸಂಗೀತ ಹಾಕುತ್ತೇನೆ, ನಡುನಡುವೆ ನಮ್ಮ ಶಾಸ್ತ್ರೀಯ ಗಾಯನವನ್ನು ಬಳಸಿಕೊಂಡ ಕೆಲವು ರೀಮಿಕ್ಸ್‌ಗಳಿರುತ್ತವೆ. ಪ್ರತಿ ಟ್ರ್ಯಾಕಿನ ಕೀಯನ್ನು, ಅಂದರೆ ಅದರ ಆಧಾರಸ್ವರ ಮತ್ತು ಸ್ವರಶ್ರೇಣಿಯನ್ನು, ಸಾಫ್ಟ್‌ವೇರ್ ಗುರುತಿಸಿ ಕ್ಯಾಮೆಲಾಟ್ ಚಕ್ರದ ಸಂಖ್ಯೆಯಾಗಿ ತೋರಿಸುತ್ತದೆ. ಈಗ ಓಡುತ್ತಿರುವುದು 8ಎ ಆಗಿದ್ದರೆ ಮುಂದಿನದು 8ಎ, 7ಎ, 9ಎ ಅಥವಾ 8ಬಿ ಆಗಿರಬೇಕು ಎಂಬ ನಿಯಮವನ್ನು ನಾನು ಇದುವರೆಗೆ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇನೆ.

ನನ್ನ ತೊಂದರೆಗಳು ಎರಡು. ಮೊದಲನೆಯದು, ನಿಯಮ ಪಾಲಿಸಿದಷ್ಟೂ ಆಯ್ಕೆ ಕಿರಿದಾಗುತ್ತಿದೆ. ಕಳೆದ ಶನಿವಾರ ರಾತ್ರಿ ಹನ್ನೊಂದರ ಹೊತ್ತಿಗೆ ಜನ ಕುಣಿಯಲು ತುದಿಗಾಲಲ್ಲಿ ನಿಂತಿದ್ದರು. ನಾನು ಮಾತ್ರ ಪರದೆಯ ಮೇಲೆ ಹಸಿರಾಗಿ ಕಂಡದ್ದರಲ್ಲಿಯೇ ಹುಡುಕಿ, ಕೀ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಮತ್ತೊಂದು ಮಂದವಾದ ಟ್ರ್ಯಾಕ್ ಹಾಕಿದೆ. ಎರಡು ನಿಮಿಷದಲ್ಲಿ ಮುಂದಿನ ಸಾಲಿನಲ್ಲಿದ್ದವರು ಮೇಜುಗಳ ಕಡೆಗೆ ನಡೆದರು. ಎರಡನೆಯದು, ಅದೇ ರಾತ್ರಿ 8ಎ ಎಂದೇ ಗುರುತಾಗಿದ್ದ ಎರಡು ಟ್ರ್ಯಾಕ್‌ಗಳನ್ನು ಬೆರೆಸಿದಾಗ ಕೆಳಗಿನ ಸ್ವರಗಳು ಒಂದಕ್ಕೊಂದು ಕಾದಾಡಿದಂತೆ ಕೇಳಿಸಿತು. ಒಂದೇ ಕೀ ಆಗಿದ್ದೂ ಹೀಗಾಗುವುದು ಏಕೆ? ಮುಂದಿನ ಟ್ರ್ಯಾಕನ್ನು ನೀವು ಯಾವ ಕ್ರಮದಲ್ಲಿ ಆರಿಸುತ್ತೀರಿ? ಟೆಂಪೋ ಬದಲಿಸಿದರೆ ಕೀ ಎಷ್ಟು ಬದಲಾಗುತ್ತದೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ನಡುಜಾಮ ಬರೆದ ಉತ್ತರ

ನಿಮ್ಮ ಮೊದಲ ತೊಂದರೆಗೆ ನಾನು ಉತ್ತರಿಸುತ್ತೇನೆ. ಎರಡನೆಯದಕ್ಕೆ ಸಂಗೀತ ಕಲಿತವರು ಉತ್ತರಿಸುವುದು ಮೇಲು.

ಕ್ಯಾಮೆಲಾಟ್ ಚಕ್ರವೆಂದರೆ ಪಾಶ್ಚಾತ್ಯ ಸಂಗೀತದಲ್ಲಿ ಮೊದಲಿನಿಂದಲೂ ಇರುವ ಪಂಚಮಗಳ ಚಕ್ರವೇ. ಸ್ವರಜ್ಞಾನವಿಲ್ಲದ ಡಿಜೆಗಳಿಗೂ ಕೈಗೆಟುಕಲಿ ಎಂದು ಮಾರ್ಕ್ ಡೇವಿಸ್ ಅದಕ್ಕೆ ಗಡಿಯಾರದ ಮುಖದಂತೆ 1ರಿಂದ 12ರವರೆಗೆ ಸಂಖ್ಯೆ ಕೊಟ್ಟು, ಮೈನರ್‌ಗೆ ಎ ಎಂದೂ ಮೇಜರ್‌ಗೆ ಬಿ ಎಂದೂ ಗುರುತು ಹಾಕಿದರು. ಯಾವ ಎರಡು ಟ್ರ್ಯಾಕ್‌ಗಳು ಏಕಕಾಲಕ್ಕೆ ಕೇಳಿಸಿದರೆ ಅಪಸ್ವರವಾಗುವ ಸಂಭವ ಕಡಿಮೆ ಎಂಬುದನ್ನಷ್ಟೇ ಆ ಚಕ್ರ ಹೇಳುತ್ತದೆ. ಮುಂದೆ ಯಾವುದನ್ನು ಹಾಕಬೇಕು ಎಂಬ ಪ್ರಶ್ನೆಯನ್ನು ಅದಕ್ಕೆ ಕೇಳಿದ್ದೇ ನಿಮ್ಮ ತೊಂದರೆಯ ಮೂಲ ಎಂದು ನನಗನ್ನಿಸುತ್ತದೆ. ಆ ಪ್ರಶ್ನೆಗೆ ಉತ್ತರ ಎದುರಿಗೆ ನಿಂತಿರುವ ಜನರಲ್ಲಿದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ಓಡುತ್ತಿರುವ ಟ್ರ್ಯಾಕಿನ ಮೊದಲ ಬ್ರೇಕ್‌ಡೌನ್ (ತಾಳ ನಿಲ್ಲುವ ಭಾಗ) ಮುಗಿಯುವ ಹೊತ್ತಿಗೆ, ಜನರಿಗೆ ಈಗ ಬೇಕಿರುವುದು ಏರಿಕೆಯೋ, ಇದೇ ಹದವೋ, ಉಸಿರಾಡಲು ಸ್ವಲ್ಪ ಬಿಡುವೋ ಎಂದು ತೀರ್ಮಾನಿಸುತ್ತೇನೆ. ಅದಕ್ಕೆ ತಕ್ಕ ಐದಾರು ಟ್ರ್ಯಾಕ್‌ಗಳನ್ನು ಕೀ ನೋಡದೆಯೇ ಬೇರೆ ಮಾಡಿಕೊಳ್ಳುತ್ತೇನೆ. ಕೀ ನೋಡುವುದು ಅದಾದ ಮೇಲೆ. ಆ ಐದಾರರಲ್ಲಿ ಒಂದೆರಡು ಹೊಂದಿದರೆ ಸಂತೋಷ. ಯಾವುದೂ ಹೊಂದದಿದ್ದರೂ ಅವುಗಳನ್ನು ಕೈಬಿಡುವುದಿಲ್ಲ. ಬದಲಿಗೆ, ಎರಡೂ ಟ್ರ್ಯಾಕ್‌ಗಳು ಜೊತೆಯಾಗಿ ಕೇಳಿಸುವ ಆ ಅರ್ಧ ನಿಮಿಷದಲ್ಲಿ ನಿಜವಾಗಿಯೂ ಸ್ವರಕ್ಕೆ ಸ್ವರ ತಾಗುತ್ತದೆಯೇ ಎಂದು ಹೆಡ್‌ಫೋನಿನಲ್ಲಿ ಕೇಳಿ ನೋಡುತ್ತೇನೆ. ಹೌಸ್ ಟ್ರ್ಯಾಕ್‌ಗಳಲ್ಲಿ ಬಹಳಷ್ಟರ ಮೊದಲ 32 ಅಥವಾ 64 ಬೀಟ್‌ಗಳಲ್ಲಿ ಕಿಕ್, ಹೈ-ಹ್ಯಾಟ್ ಮತ್ತು ಚಪ್ಪಾಳೆಯ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. 124 ಬಿಪಿಎಂನಲ್ಲಿ 64 ಬೀಟ್ ಎಂದರೆ ಸುಮಾರು 31 ಸೆಕೆಂಡು. ಹೊರಡುತ್ತಿರುವ ಟ್ರ್ಯಾಕೂ ಅಷ್ಟರಲ್ಲಿ ಬರಿಯ ತಾಳಕ್ಕೆ ಇಳಿದಿದ್ದರೆ ಎರಡರ ಕೀ ಎಷ್ಟೇ ದೂರವಿದ್ದರೂ ಕಿವಿಗೆ ತೊಡಕಾಗುವುದಿಲ್ಲ. ಕೀ ಲೆಕ್ಕಕ್ಕೆ ಬರುವುದು ಪ್ಯಾಡ್ (ದೀರ್ಘವಾಗಿ ಎಳೆಯುವ ಹಿನ್ನೆಲೆ ಸ್ವರಗಳು) ಮೇಲೆ ಪ್ಯಾಡ್, ದನಿಯ ಮೇಲೆ ದನಿ, ಬೇಸ್ ಮೇಲೆ ಬೇಸ್ ಕೂಡಿದಾಗ.

ಈ ಕಾರಣಕ್ಕೆ, ಹೊಸ ಟ್ರ್ಯಾಕ್ ಕೊಂಡ ದಿನವೇ ಅದನ್ನು ಪೂರ್ತಿ ಕೇಳಿ ಕಾಮೆಂಟ್ ಅಂಕಣದಲ್ಲಿ ಎರಡು ಮಾತು ಬರೆದಿಡುತ್ತೇನೆ: ‘ಮೊದಲ 64 ಬರೀ ತಾಳ, ದನಿ 1:33ಕ್ಕೆ, ಕೊನೆಯಲ್ಲಿ ಪ್ಯಾಡ್ ಉಳಿಯುತ್ತದೆ’ ಎಂಬಷ್ಟು ಸಾಕು. ಕತ್ತಲಲ್ಲಿ, ಕೈಯಲ್ಲಿ ಇನ್ನು ಒಂದು ನಿಮಿಷ ಮಾತ್ರ ಉಳಿದಿರುವಾಗ, ಪರದೆಯ ಹಸಿರು ಬಣ್ಣಕ್ಕಿಂತ ಈ ಒಂದು ಸಾಲು ನನಗೆ ಹೆಚ್ಚು ಸಲ ನೆರವಾಗಿದೆ.

ಚಕ್ರದಲ್ಲಿ ದೊಡ್ಡ ಹೆಜ್ಜೆಗಳೂ ಇವೆ. ಎರಡು ಮನೆ ಮುಂದಕ್ಕೆ, ಅಂದರೆ 8ಎಯಿಂದ 10ಎಗೆ ಹೋದರೆ ಶ್ರುತಿ ಒಂದು ಪೂರ್ಣಸ್ವರ ಏರುತ್ತದೆ. ಏಳು ಮನೆ ಮುಂದಕ್ಕೆ, ಅಂದರೆ 8ಎಯಿಂದ 3ಎಗೆ ಹೋದರೆ ಅರ್ಧಸ್ವರ ಏರುತ್ತದೆ. ನೀವು ಹೇಳಿದ ಹನ್ನೊಂದು ಗಂಟೆಯ ಆ ಗಳಿಗೆಗೆ ಬೇಕಾಗಿದ್ದದ್ದು ಇಂಥ ಏರಿಕೆಯೇ. ಇದನ್ನು ಉದ್ದಕ್ಕೆ ಬೆರೆಸಲು ಹೋಗಬಾರದು. ಬ್ರೇಕ್‌ಡೌನ್ ಮುಗಿದು ಸದ್ದು ತೆಳುವಾದಾಗ ಹಳೆಯದನ್ನು ತೆಗೆದು ಹೊಸದನ್ನು ಬೀಟಿನ ಮೇಲೆ ಇಳಿಸಬೇಕು. ಗಂಟೆಗೆ ಒಂದೆರಡು ಸಲಕ್ಕಿಂತ ಹೆಚ್ಚು ಮಾಡಿದರೆ ಅದರ ಬಲ ಕುಂದುತ್ತದೆ ಎಂಬುದು ನನ್ನ ಅನುಭವ.

ಆರುಮನೆ ಬರೆದ ಉತ್ತರ

ಎರಡನೆಯ ತೊಂದರೆಯ ಬಗ್ಗೆ. ನಾನು ಕರ್ನಾಟಕ ಸಂಗೀತ ಕಲಿತು, ಈಗ ಮನೆಯಲ್ಲಿಯೇ ಟ್ರ್ಯಾಕ್‌ಗಳನ್ನು ತಯಾರಿಸುತ್ತೇನೆ. ಈ ಚಕ್ರ ನನಗೆ ಅರ್ಥವಾದದ್ದು ಗ್ರಹಭೇದದ ಮೂಲಕ. ಶಂಕರಾಭರಣದ ಧೈವತವನ್ನು ಷಡ್ಜವೆಂದು ಭಾವಿಸಿ ಅವೇ ಸ್ವರಗಳನ್ನು ನುಡಿಸಿದರೆ ನಠಭೈರವಿ ಬರುತ್ತದೆ ಎಂಬುದು ಸಂಗೀತ ಕಲಿತವರಿಗೆಲ್ಲ ಗೊತ್ತು. 8ಬಿ ಮತ್ತು 8ಎ ಸಂಬಂಧ ನಿಖರವಾಗಿ ಅದೇ: 8ಬಿ ಎಂದರೆ ಒಂದು ಮನೆ ಶ್ರುತಿಯ (ಕೀಬೋರ್ಡಿನಲ್ಲಿ ಸಿಯಿಂದ ಎಣಿಸಿದ ಮೊದಲ ಬಿಳಿ ಮನೆ, ಚಕ್ರದ ಮನೆಯಲ್ಲ) ಶಂಕರಾಭರಣದ ಸ್ವರಗಳು, 8ಎ ಎಂದರೆ ಆರು ಮನೆ ಶ್ರುತಿಯ ನಠಭೈರವಿಯ ಸ್ವರಗಳು. ಏಳು ಸ್ವರಗಳೂ ಒಂದೇ, ಷಡ್ಜ ಮಾತ್ರ ಬೇರೆ.

ಪಕ್ಕದ ಸಂಖ್ಯೆಗೆ ಸರಿದರೆ ಏಳರಲ್ಲಿ ಒಂದು ಸ್ವರ ಮಾತ್ರ ಬದಲಾಗುತ್ತದೆ. 8ಎಯ ಷಡ್ಜವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ 9ಎಯ ಸ್ವರಗಳನ್ನು ಕೇಳಿದರೆ ಶುದ್ಧ ಧೈವತದ ಜಾಗಕ್ಕೆ ಚತುಶ್ರುತಿ ಧೈವತ ಬಂದು ನಠಭೈರವಿಯು ಖರಹರಪ್ರಿಯವಾಗುತ್ತದೆ. 7ಎಯ ಸ್ವರಗಳನ್ನು ಕೇಳಿದರೆ ರಿಷಭ ಶುದ್ಧವಾಗಿ ತೋಡಿಯ ಸ್ವರಗಳಾಗುತ್ತವೆ. ಚಕ್ರದಲ್ಲಿ ಒಂದು ಮನೆ ಮುಂದೆ ಹೋದಾಗ ಸಭೆ ಬೆಳಗಿದಂತೆಯೂ ಹಿಂದೆ ಬಂದಾಗ ಮಬ್ಬು ಕವಿದಂತೆಯೂ ಅನ್ನಿಸುವುದು ಏಕೆ ಎಂದು ಇದರಿಂದ ತಿಳಿಯುತ್ತದೆ. ಜೊತೆಗೆ ಅಪಾಯ ಎಲ್ಲಿದೆ ಎಂಬುದೂ ತಿಳಿಯುತ್ತದೆ: 8ಎ ಮತ್ತು 9ಎ ಬೆರೆತಾಗ ಎರಡು ಧೈವತಗಳು ಒಂದೇ ಗಳಿಗೆಯಲ್ಲಿ ಕೇಳಿಸಿದರೆ ಮಾತ್ರ ಕಿವಿ ಕೆರಳುತ್ತದೆ.

ಇನ್ನು ಒಂದೇ ಸಂಖ್ಯೆಯ ಎರಡು ಟ್ರ್ಯಾಕ್‌ಗಳು ಕಾದಾಡುವುದಕ್ಕೆ ನನಗೆ ತಿಳಿದಂತೆ ಎರಡು ಕಾರಣಗಳಿವೆ. ಒಂದು, ಕೀ ಒಂದೇ ಆದರೂ ಆ ಕ್ಷಣದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬೇರೆ ಇರಬಹುದು. ಒಂದರ ಬೇಸ್ ಷಡ್ಜದ ಮೇಲೆ ಕುಳಿತಿರುವಾಗ ಇನ್ನೊಂದರದು ನಿಷಾದದ ಮೇಲಿದ್ದರೆ ಗೊಂದಲವಾಗುವುದು ಸಹಜ. ಇನ್ನೊಂದು ಕಾರಣ ಸಾಫ್ಟ್‌ವೇರಿನದು. ಕೀ ಗುರುತಿಸುವ ಅನೇಕ ವಿಧಾನಗಳ ಬೇರು ಕ್ಯಾರಲ್ ಕ್ರಂಹಾನ್ಸ್ಲ್ ಮತ್ತು ಎಡ್ವರ್ಡ್ ಕೆಸ್ಲರ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಪಾಶ್ಚಾತ್ಯ ಸಂಗೀತ ಬಲ್ಲ ಕೇಳುಗರಿಗೆ ಮೇಜರ್ ಮತ್ತು ಮೈನರ್‌ಗಳಲ್ಲಿ ಯಾವ ಸ್ವರ ಎಷ್ಟು ಒಪ್ಪುತ್ತದೆ ಎಂದು ಅವರು ಅಳೆದಿದ್ದರು. ಯಂತ್ರವು ಟ್ರ್ಯಾಕಿನ ಸ್ವರಗಳನ್ನು ಎಣಿಸಿ, 12 ಮೇಜರ್, 12 ಮೈನರ್, ಹೀಗೆ 24 ಅಚ್ಚುಗಳಲ್ಲಿ ಯಾವುದಕ್ಕೆ ಹೆಚ್ಚು ಹತ್ತಿರವೋ ಆ ಹೆಸರನ್ನು ಕೊಡುತ್ತದೆ. ಮೇಜರ್ ಅಥವಾ ಮೈನರ್ ಎರಡೂ ಅಲ್ಲದ ಮಾಯಾಮಾಳವಗೌಳದಲ್ಲಿರುವ ಆಲಾಪನೆಗೂ ಅದು ಆ 24ರಲ್ಲಿ ಒಂದು ಹೆಸರನ್ನು ಕೊಟ್ಟೇ ಕೊಡುತ್ತದೆ. ಎರಡು ಮನೆ ಶ್ರುತಿಯ ಖರಹರಪ್ರಿಯದಲ್ಲಿರುವ ಟ್ರ್ಯಾಕನ್ನೂ, ಸ್ವರಗಳು ಒಂದೇ ಆಗಿರುವುದರಿಂದ, 8ಎ ಎಂದು ಕರೆಯಬಹುದು.

ಆದ್ದರಿಂದ ಗಾಯನವಿರುವ ಟ್ರ್ಯಾಕ್‌ಗಳನ್ನಾದರೂ ನೀವೇ ಪರೀಕ್ಷಿಸಿ. ಫೋನಿನಲ್ಲಿರುವ ಕೀಬೋರ್ಡ್ ಸಾಕು. ಟ್ರ್ಯಾಕ್ ಓಡುತ್ತಿರುವಾಗ ಒಂದೊಂದೇ ಸ್ವರ ಒತ್ತಿ ಹಿಡಿದು, ಯಾವುದರ ಮೇಲೆ ‘ಸಾ’ ಎಂದು ಗುನುಗಿದಾಗ ಮನೆಗೆ ಬಂದಂತಾಗುತ್ತದೆಯೋ ಅದನ್ನು ಬರೆದಿಟ್ಟುಕೊಳ್ಳಿ.

ಕಪ್ಪುತಟ್ಟೆ ಬರೆದ ಉತ್ತರ

ಟೆಂಪೋ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೀ ಲಾಕ್ (ವೇಗ ಬದಲಿಸಿದರೂ ಶ್ರುತಿ ಬದಲಾಗದಂತೆ ಹಿಡಿಯುವ ಸೌಲಭ್ಯ) ಹಾಕದೆ ವೇಗವನ್ನು ಸುಮಾರು ಶೇ. 6ರಷ್ಟು ಹೆಚ್ಚಿಸಿದರೆ ಶ್ರುತಿ ಒಂದು ಅರ್ಧಸ್ವರ ಏರುತ್ತದೆ. 124ರ ಟ್ರ್ಯಾಕನ್ನು 128ಕ್ಕೆ ತಂದರೆ ಹೆಚ್ಚಳ ಶೇ. 3.2 ಮಾತ್ರ. ಆದರೆ ಇದೇ ಅತ್ಯಂತ ಕೆಟ್ಟ ಜಾಗ, ಏಕೆಂದರೆ ಶ್ರುತಿಯು ಎರಡು ಸ್ವರಗಳ ನಡುವೆ ಎಲ್ಲಿಯೂ ಸಲ್ಲದಂತೆ ನಿಲ್ಲುತ್ತದೆ. ಟೆಕ್ನಿಕ್ಸ್ ಎಸ್ಎಲ್-1200 ಎಂಕೆ2ರಂಥ ಟರ್ನ್‌ಟೇಬಲ್‌ಗಳಲ್ಲಿ ಎರಡೂ ಕಡೆಗೆ ಶೇ. 8ರವರೆಗೆ ಸರಿಸಬಹುದು, ಅಲ್ಲಿ ಕೀ ಲಾಕ್ ಎಂಬುದೇ ಇಲ್ಲ. ಹಾಗಾಗಿ ವಿನೈಲ್ ತಟ್ಟೆಗಳಲ್ಲಿ ನುಡಿಸುವ ನಾವು ಮುದ್ರಿತ ಕೀಯನ್ನು ನಂಬದೆ, ವೇಗ ಹೊಂದಿಸಿದ ಮೇಲೆ ಕಿವಿಯಲ್ಲಿಯೇ ಮತ್ತೊಮ್ಮೆ ಕೇಳುತ್ತೇವೆ. ಡಿಜಿಟಲ್‌ನಲ್ಲಿ ಕೀ ಲಾಕ್ ಹಾಕಿದರೆ ಶ್ರುತಿ ನಿಲ್ಲುತ್ತದೆ. ಆದರೆ ವೇಗವನ್ನು ಬಹಳ ಎಳೆದರೆ ಕಿಕ್‌ನ ಏಟು ಮೊಂಡಾಗುತ್ತದೆ ಮತ್ತು ಹಾಡುವವರ ದನಿ ಕಂಪಿಸಿದಂತಾಗುತ್ತದೆ. ಶೇ. 4ರೊಳಗೆ ಇದ್ದರೆ ನನಗೆ ಅಡ್ಡಿಯೆನಿಸಿಲ್ಲ.

ಮತ್ತೊಂದು ವಿಷಯ. ಟ್ರಾಕ್ಟರ್ ಎಂಬ ಡಿಜೆ ಸಾಫ್ಟ್‌ವೇರ್ ಬಳಸುವ ಗೆಳೆಯರ ಜೊತೆ ಪಟ್ಟಿ ಹಂಚಿಕೊಳ್ಳುವಾಗ ಎಚ್ಚರವಿರಲಿ. ಅದರ ಓಪನ್ ಕೀ ಪದ್ಧತಿಯಲ್ಲಿ 1ಎಂ ಎಂದರೆ ಕ್ಯಾಮೆಲಾಟ್‌ನ 8ಎ. ಸಂಖ್ಯೆಗೆ 7 ಕೂಡಿಸಿ, 12 ಮೀರಿದರೆ 12 ಕಳೆಯಬೇಕು.

ಇರುಳಹಕ್ಕಿ ಮತ್ತೆ ಬರೆದದ್ದು

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಸಂಜೆ ಆ ಎರಡು 8ಎ ಟ್ರ್ಯಾಕ್‌ಗಳನ್ನು ಕೀಬೋರ್ಡ್ ಹಿಡಿದು ಕೇಳಿದೆ. ಮೊದಲನೆಯದರ ಷಡ್ಜ ಆರು ಮನೆಯೇ. ಎರಡನೆಯದರಲ್ಲಿ ಆಲಾಪನೆ ಪ್ರತಿ ಸಲವೂ ಬಂದು ನಿಲ್ಲುವುದು ಎರಡು ಮನೆಯ ಮೇಲೆ, ಬೇಸ್ ಕೂಡ ಅಲ್ಲಿಯೇ ಗುಂಯ್ಗುಡುತ್ತಿದೆ. ಆರುಮನೆಯವರು ಊಹಿಸಿದ ಖರಹರಪ್ರಿಯವೇ ಇರಬೇಕು. ಎರಡೂ ಬೇಸ್‌ಗಳನ್ನು 32 ಬೀಟ್‌ಗಳ ಕಾಲ ತೆರೆದೇ ಇಟ್ಟಿದ್ದದ್ದು ನನ್ನ ತಪ್ಪು. ಹೊಸದರ ಕೆಳದನಿಯನ್ನು ಈಕ್ಯೂನಲ್ಲಿ (ಕೆಳಗಿನ, ಮೇಲಿನ ದನಿಗಳನ್ನು ಏರಿಸಿ ಇಳಿಸುವ ಗುಂಡಿಗಳಲ್ಲಿ) ಪೂರ್ತಿ ಇಳಿಸಿ ಒಳಗೆ ತಂದು, ಹಳೆಯದರ ಬೇಸ್ ತೆಗೆಯುವ ಬೀಟಿನಲ್ಲಿಯೇ ಹೊಸದರದನ್ನು ಏರಿಸಿದಾಗ ಮೇಲಿನ ಸ್ವರಗಳು ಚೆನ್ನಾಗಿ ಕೂಡಿಕೊಂಡವು. ಹೀಗಿದ್ದಾಗ ಇದರ ಸಂಖ್ಯೆಯನ್ನು ನಾನು 7ಎ ಎಂದು ತಿದ್ದಬೇಕೇ?

ಆರುಮನೆ ಬರೆದ ಉತ್ತರ

ತಿದ್ದಬೇಡಿ. 7ಎ ಎಂದು ಬರೆದರೆ ಷಡ್ಜ ಸರಿಯಾಗುತ್ತದೆ, ಆದರೆ ಧೈವತ ತಪ್ಪುತ್ತದೆ: ನಿಮ್ಮ ಟ್ರ್ಯಾಕಿನಲ್ಲಿರುವುದು ಚತುಶ್ರುತಿ ಧೈವತ, 7ಎಯಲ್ಲಿರುವುದು ಶುದ್ಧ ಧೈವತ. ಮುಂದೊಂದು ದಿನ 6ಎ ಜೊತೆ ಬೆರೆಸಲು ಹೋಗಿ ಮತ್ತೆ ಪೇಚಿಗೆ ಸಿಲುಕುತ್ತೀರಿ. 8ಎ ಹಾಗೆಯೇ ಇರಲಿ. ನಡುಜಾಮ ಅವರು ಹೇಳಿದ ಕಾಮೆಂಟ್ ಅಂಕಣದಲ್ಲಿ ‘ಸಾ ಎರಡು ಮನೆ, ಬೇಸ್ ತಡವಾಗಿ ಬಿಡುವುದು’ ಎಂದು ಬರೆದಿಡಿ.