ವಯಸ್ಸಾದವರ ಮರೆವು, ಊಟ: ಮನ್ಯಾಗ ಬದಲಿಸಿದವರು ಹೇಳ್ರಿ

ಸಿಂಧನೂರು (ಪ್ರಶ್ನೆ):
ಅವ್ವಗ 68. ಎಂಟು ವರ್ಷದಿಂದ ಶುಗರ್ ಅದ, ಮೆಟ್‌ಫಾರ್ಮಿನ್ ಗುಳಿಗಿ ನಡದದ. ಆರು ತಿಂಗಳಿಂದ ಮರೆವು ಜಾಸ್ತಿ. ಮೂರು ಹೊತ್ತೂ ಅನ್ನಾನೇ. ಊಟದಾಗ ಏನು ಬದಲಿಸಬೇಕು?

ಕೊಪ್ಪಳ:
ಜೋಳಕ್ಕ ಬರ್ರಿ. ಮುಂಜಾನೆ ಒಂದೂವರಿ ರೊಟ್ಟಿ, ಪುಂಡಿಪಲ್ಯ ಇಲ್ಲಾ ಮೆಂತೆಪಲ್ಯ ಬಟ್ಟಲ ತುಂಬ, ಹೆಸರಬ್ಯಾಳಿ. ರಾತ್ರಿ ಏಳೂವರಿಗೆ ಜೋಳದ ನುಚ್ಚು, ಮಜ್ಜಿಗಿ. ಅಗಸಿ ಹಿಂಡಿ ದಿನಕ್ಕ ಒಂದು ದೊಡ್ಡ ಚಮಚ. ಅಗಸಿ ಇಡೀ ಕಾಳು ತಿಂದ್ರ ಹಂಗ ಹೊರಗ ಹೋಗತೈತಿ, ಸಣ್ಣ ಉರಿಯಾಗ ಚಟಪಟ ಅನ್ನೂತನ ಹುರಿದು ಪುಡಿ ಮಾಡಬೇಕು. ಬ್ಯಾಸಗಿಯಾಗ ಒಂದು ಕೇಜಿ ಒಮ್ಮೆಲೇ ಮಾಡಿಟ್ಟಿದ್ವಿ, ಕಮಟು ಹಿಡೀತು, ಪೂರಾ ಚೆಲ್ಲಿದ್ವಿ. ಈಗ ಇಬ್ಬರಿಗೆ ವಾರಕ್ಕ 150 ಗ್ರಾಂ, ಫ್ರಿಜ್‌ನ್ಯಾಗ. ಹಲ್ಲಿನ ಸೆಟ್ ಇದ್ರ ಕಟಕ ರೊಟ್ಟಿ ಕೊಡಬ್ಯಾಡ್ರಿ. ಬಿಸಿ ರೊಟ್ಟಿ ಮುರದು ಬ್ಯಾಳ್ಯಾಗ ಹತ್ತು ನಿಮಿಷ ನೆನೆಸ್ರಿ.

ಬಳ್ಳಾರಿ:
ರೊಟ್ಟಿ ಆಮೇಲೆ. ಮೊದಲು ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಬಿ12 ಹೀರಿಕೊಳ್ಳೋದು ಕಡಿಮೆಯಾಗುತ್ತೆ, ಸಸ್ಯಾಹಾರಿಗಳಾದರೆ ಇನ್ನೂ ಕಷ್ಟ. ಈ ಕೊರತೆಯಿಂದಲೂ ಮರೆವು ಬರುತ್ತೆ, ಬೇಗ ಹಿಡಿದರೆ ಸುಧಾರಿಸುತ್ತೆ. ಜೋಳದಲ್ಲಿ, ಸೊಪ್ಪಲ್ಲಿ, ಅಗಸೆಯಲ್ಲಿ ಬಿ12 ಇಲ್ಲ. ಬರೀ ಫೋಲಿಕ್ ಆಸಿಡ್ ಗುಳಿಗೆ ನುಂಗಿಸಬೇಡಿ: ರಕ್ತ ಸರಿಹೋದಂತೆ ಕಾಣುತ್ತೆ, ನರದ ಹಾನಿ ಒಳಗೇ ನಡೆದಿರುತ್ತೆ. ಹಾಗಂತ ಮೆಟ್‌ಫಾರ್ಮಿನ್ ನೀವಾಗೇ ನಿಲ್ಲಿಸಬೇಡಿ.
ಕೊಪ್ಪಳದವರೇ, ಸೊಪ್ಪು, ಕಾಳು, ಬೀಜಗಳ 'ಮೈಂಡ್' ಊಟವನ್ನ ಅಮೆರಿಕದಲ್ಲಿ 604 ಹಿರಿಯರ ಮೇಲೆ ಮೂರು ವರ್ಷ ಪರೀಕ್ಷಿಸಿದರು. ಎರಡೂ ಗುಂಪಿಗೆ ಊಟದ ಪ್ರಮಾಣ ಸ್ವಲ್ಪ ಇಳಿಸಿದ್ದರು. 2023ರಲ್ಲಿ ಫಲಿತಾಂಶ ಬಂತು: ವಾಡಿಕೆಯ ಊಟ ಉಂಡವರಿಗೂ ಇವರಿಗೂ ನೆನಪು, ಯೋಚನಾಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಕೊಪ್ಪಳ:
ಮೂರು ವರ್ಷದಾಗ ಏನು ತಿಳೀತದ್ರಿ? ಮೆದುಳಿನ್ಯಾಗ ಮರೆವಿನ ರೋಗ ಹತ್ತು ವರ್ಷ ಮೊದಲ ಶುರು ಆಗಿರತೈತಿ. ಫಿನ್‌ಲೆಂಡಿನ 'ಫಿಂಗರ್' ಪ್ರಯೋಗದಾಗ 60ರಿಂದ 77ರೊಳಗಿನ 1260 ಮಂದಿ ಇದ್ರು, ಎರಡ ವರ್ಷಕ್ಕ ಫಲ ಕಾಣಿಸ್ತು. ಅದನ್ಯಾಕ ಬಿಟ್ರಿ?

ಬಳ್ಳಾರಿ:
ಅಲ್ಲಿ ಊಟದ ಜೊತೆ ವ್ಯಾಯಾಮ, ಮೆದುಳಿನ ಕಸರತ್ತು, ಬಿಪಿ-ಶುಗರ್ ತಪಾಸಣೆ ಎಲ್ಲಾ ಇತ್ತು. ಅರ್ಧ ಹೇಳಿ ಜನರನ್ನ ದಾರಿ ತಪ್ಪಿಸಬೇಡಿ.

ಗಂಗಾವತಿ:
ಅನ್ನಕ್ಕ ಬೈಯೋದು ಮೊದಲು ನಿಲ್ಲಿಸ್ರಿ. ತುಂಗಭದ್ರಾ ನೀರಿನ ಸೋನಾ ಮಸೂರಿ ಏನು ತಪ್ಪು ಮಾಡೈತಿ? ತಪ್ಪು ಅಳತಿದು. ಅನ್ನ ಒಂದು ಬಟ್ಟಲ, ಬ್ಯಾಳಿ-ಪಲ್ಯ ಎರಡು ಬಟ್ಟಲ. ಉಪ್ಪಿನ ಮಾತು ಯಾರೂ ಎತ್ತಲಿಲ್ಲ! ಒಬ್ಬರಿಗೆ ದಿನಕ್ಕ 5 ಗ್ರಾಂ ಒಳಗ ಇರಬೇಕು. ಅಂದ್ರ ನಾಲ್ಕು ಮಂದಿ ಮನ್ಯಾಗ ಕೇಜಿ ಪಾಕೀಟು 50 ದಿನ ಬರಬೇಕು. ನಮ್ಮಲ್ಲಿ ತಾರೀಖು ಬರೆದಿಟ್ಟು ನೋಡಿದ್ರ 22 ದಿನಕ್ಕ ಖಾಲಿ! ಉಪ್ಪಿನಕಾಯಿ, ಹಪ್ಪಳ, ಸಂಜಿ ಒಗ್ಗರಣಿ-ಮಿರ್ಚಿ ಬ್ಯಾರೆ. ಬಿಪಿ ಏರಿದ್ರ ಮೆದುಳಿನ ಸಣ್ಣ ರಕ್ತನಾಳ ಕೆಡತಾವ.

ರಾಯಚೂರು:
ನೀವು ಜಗಳಾಡ್ರಿ, ಆ ತಾಯಿ ಗುಳಿಗಿ ಯಾರೂ ಪೂರ್ತಿ ಕೇಳಿಲ್ಲ. ಮೆಟ್‌ಫಾರ್ಮಿನ್ ಜೋಡಿ ಗ್ಲಿಮೆಪಿರೈಡ್ ಅನ್ನೋ ಶುಗರ್ ಇಳಸೋ ಗುಳಿಗಿ ಅದ ಏನು? ಅದನ್ನ ನುಂಗಿ ಏಕಾದಶಿ, ಸೋಮವಾರ ಅಂತ ಉಪವಾಸ ಮಾಡಿದ್ರ ಶುಗರ್ 70ರ ಕೆಳಗ ಬೀಳ್ತದ, ಪದೇ ಪದೇ ಬಿದ್ರ ಮೆದುಳಿಗೇ ಪೆಟ್ಟು. ತಿಂಗಳಿಗೊಮ್ಮೆ ತೂಕ ಬರದಿಡ್ರಿ. ಮರೆವು ಶುರುವಾದವರು ಉಣ್ಣೋದೂ ಮರೀತಾರ. ತೂಕ ತಾನಾಗೇ ಇಳದ್ರ 'ಶುಗರಿಗೆ ಚಲೋ ಆತು' ಅಂತ ಸುಮ್ಮನಿರಬ್ಯಾಡ್ರಿ. ನಮ್ಮ ಮೇ ತಿಂಗಳ ಬಿಸಿಲಿಗೆ ನೀರು ಸಾಲದಿದ್ರ ಒಂದೇ ದಿನದಾಗ ಗಲಿಬಿಲಿ ಆಗ್ತದ. ಹಂಗ ದಿಢೀರ್ ಆದ್ರ ಅವತ್ತೇ ದವಾಖಾನಿಗೆ ಒಯ್ರಿ.

ಕೊಪ್ಪಳ:
ಎಣ್ಣಿ ಬದಲಿಸೋದು ಮರೀಬ್ಯಾಡ್ರಿ. ಗಾಣದ ಕುಸುಬಿ ಎಣ್ಣಿ.

ಗಂಗಾವತಿ:
ಲೀಟರಿಗೆ ಮುನ್ನೂರರ ಮ್ಯಾಲೆ! ಕೂಲಿ ಮಾಡೋರು ಎಲ್ಲಿಂದ ತರಬೇಕು?

ಕೊಪ್ಪಳ:
ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕ್ರಿ. ನೀವು ಮಿರ್ಚಿ ಕರಿಯೋ ಲೆಕ್ಕ ಹಾಕಾಕತ್ತೀರಿ.