ಬ್ರಷ್ ಕಟರ್: ಚೋಕ್ ತೆಗೆದ ಕೂಡಲೇ ಆಫ್ ಆಗುತ್ತಿದೆ

ಪ್ರಶ್ನೆ: 43 ಸಿಸಿ ಟೂ-ಸ್ಟ್ರೋಕ್ ಬ್ರಷ್ ಕಟರ್. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿತ್ತು, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಹಾಗೇ ಉಳಿದಿತ್ತು. ಈಗ ಕೈ ಸೋಲುವಷ್ಟು ಹಗ್ಗ ಎಳೆದ ಮೇಲೆ ಚೋಕ್‌ನಲ್ಲಿ ಮಾತ್ರ ಸ್ಟಾರ್ಟ್ ಆಗುತ್ತೆ, ಚೋಕ್ ತೆಗೆದರೆ ನಿಲ್ಲುತ್ತೆ. ಹೊಸ ಪ್ಲಗ್ ಹಾಕಿದ್ದೇನೆ, ಕಿಡಿ ಚೆನ್ನಾಗಿದೆ. ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ನೋಡಲೇ? ಅಡಿಕೆ ತೋಟದಲ್ಲಿ ಕಳೆ ಮೊಣಕಾಲು ದಾಟಿದೆ.

ಉತ್ತರ: ಸ್ಕ್ರೂ ಸದ್ಯಕ್ಕೆ ಮುಟ್ಟಬೇಡಿ. ಚೋಕ್ ಮಾಡುವುದು ಗಾಳಿ ತಡೆಯುವ ಕೆಲಸ. ಗಾಳಿ ಕಟ್ಟಿದಾಗ ಮಾತ್ರ ಓಡುತ್ತದೆ ಎಂದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಹಾಗೇ ರೇಸ್ ಕೊಟ್ಟು ಕೆಲಸ ಮಾಡಿಸಲೂಬೇಡಿ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಅದು ಕಡಿಮೆಯಾದರೆ ಪಿಸ್ಟನ್‌ಗೆ ಗೀರು ಬಿದ್ದು ಸಿಲಿಂಡರ್ ಕಿಟ್ಟೇ ಹಾಕಬೇಕಾದೀತು.

ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತೆಗೆದದ್ದನ್ನು ಗಾಜಿನ ಬಾಟಲಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಈಗಿನ ಇ20 ಪೆಟ್ರೋಲಿನ ಎಥನಾಲ್ ತೇವ ಹೀರುತ್ತದೆ. ತೇವ ಮಿತಿ ಮೀರಿದರೆ ನೀರು-ಎಥನಾಲ್ ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ. ಟ್ಯಾಂಕಿನ ಫಿಲ್ಟರ್ ಮಲಗಿರುವುದೂ ತಳದಲ್ಲೇ. ಆ ಪದರದಲ್ಲಿ ಪೆಟ್ರೋಲಿಗೆ ಬೆರೆಸುವ 2ಟಿ (ಟೂ-ಸ್ಟ್ರೋಕ್) ಆಯಿಲ್ ಇರುವುದೇ ಇಲ್ಲ, ಅದು ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಬಾಟಲಿಯ ಅಡಿಯಲ್ಲಿ ಗೆರೆ ಕಂಡರೆ ಆ ಪೆಟ್ರೋಲನ್ನು ಯಾವ ಇಂಜಿನ್ನಿಗೂ ಹಾಕಬೇಡಿ. ಹೊಸದನ್ನು ಮ್ಯಾನುಯಲ್ ನೋಡಿಯೇ ಬೆರೆಸಿ: 25:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 40 ಮಿಲಿ ಆಯಿಲ್, 50:1 ಎಂದಿದ್ದರೆ 20 ಮಿಲಿ.

ನಂತರ ಕೊಕ್ಕೆ ತಂತಿಯಿಂದ ಫಿಲ್ಟರ್ ಹೊರಗೆಳೆಯಿರಿ. ಕಂದಾಗಿದ್ದರೆ ತೊಳೆಯುತ್ತಾ ಕೂರಬೇಡಿ, ಬದಲಾಯಿಸಿ. ಪೈಪನ್ನು ಟ್ಯಾಂಕಿನ ರಬ್ಬರ್ ಬುಷ್ ಹತ್ತಿರ ಬಗ್ಗಿಸಿ ನೋಡಿ, ಸೀಳು ಬರುವುದು ಹೆಚ್ಚಾಗಿ ಅಲ್ಲೇ; ನೇರವಾಗಿದ್ದಾಗ ಕಾಣುವುದಿಲ್ಲ. ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯಲು ಒತ್ತುವ ಮೆತ್ತನೆ ಗುಂಡಿ) ಎಷ್ಟು ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ ಗಾಳಿ ಎಳೆಯುತ್ತಿದೆ ಎಂದರ್ಥ. ಒತ್ತಿದ ಬಲ್ಬ್ ಮೇಲೇಳದಿದ್ದರೆ ದಾರಿ ಕಟ್ಟಿದೆ.

ಪ್ರಶ್ನೆ ಕೇಳಿದವರು: ಬಾಟಲಿಯಲ್ಲಿ ಗೆರೆ ಇತ್ತು. ಪೈಪ್, ಫಿಲ್ಟರ್ ಹೊಸದು ಹಾಕಿದೆ. ಈಗ ಐಡಲ್‌ನಲ್ಲಿ ನಿಲ್ಲದೆ ಓಡುತ್ತೆ, ರೇಸ್ ಕೊಟ್ಟರೆ ಉಸಿರು ಕಟ್ಟಿದಂತಾಗಿ ನಿಲ್ಲುತ್ತೆ. ಟ್ಯಾಂಕ್ ಮುಚ್ಚಳ ಸಡಿಲಿಸಿದರೂ ಅದೇ ಕಥೆ.

ಉತ್ತರ: ಮುಚ್ಚಳದ ಗಾಳಿರಂಧ್ರ ಸರಿ ಇದೆ ಅಂತಾಯಿತು. ಇನ್ನು ಕಾರ್ಬುರೇಟರ್ ಬಿಚ್ಚಿ. ಮಧ್ಯದಲ್ಲಿ ಸಣ್ಣ ತೂತಿರುವ ಕವರ್ ತೆಗೆದರೆ ಮೀಟರಿಂಗ್ ಡಯಾಫ್ರಮ್ (ಪೆಟ್ರೋಲ್ ಎಷ್ಟು ಬರಬೇಕೆಂದು ನಿಯಂತ್ರಿಸುವ ತೆಳು ಪೊರೆ) ಸಿಗುತ್ತದೆ. ಅದು ಬೆರಳಿಗೆ ಮೆತ್ತಗೆ ಬಾಗಬೇಕು. ಹಪ್ಪಳದಂತೆ ಗಟ್ಟಿಯಾಗಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ರಿಪೇರಿ ಕಿಟ್ ತಂದು ಎರಡೂ ಬದಿಯ ಡಯಾಫ್ರಮ್ ಒಟ್ಟಿಗೇ ಬದಲಾಯಿಸಿ. ಬಿಚ್ಚುವಾಗ ಫೋಟೋ ತೆಗೆದಿಡಿ, ಗ್ಯಾಸ್ಕೆಟ್ ಮತ್ತು ಡಯಾಫ್ರಮ್ ಹಿಂದುಮುಂದಾದರೆ ಇಂಜಿನ್ ಓಡುವುದಿಲ್ಲ. ಪಂಪ್ ಬದಿಯ ಕವರಿನಡಿ ಚಿಕ್ಕ ಜರಡಿ ಇದೆ, ಅದನ್ನು ಕಾರ್ಬ್ ಕ್ಲೀನರಿನಿಂದ ತೊಳೆಯಿರಿ. ಜೆಟ್ ತೂತಿಗೆ ತಂತಿ ಚುಚ್ಚಬೇಡಿ, ಸೂಜಿ ವಾಲ್ವಿನ ಲಿವರ್ ಬಗ್ಗಿಸಬೇಡಿ.

ಇನ್ನೊಂದು ಉತ್ತರ: ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ಗ್ಯಾಸ್ಕೆಟ್ಟನ್ನೂ ಹೊಸದೇ ಹಾಕಿ. ಅಲ್ಲಿ ಗಾಳಿ ಸೋರಿದರೂ ಲಕ್ಷಣ ಇದೇ. ಅಷ್ಟಾದ ಮೇಲೂ ರೇಸ್ ಏರದಿದ್ದರೆ ಸೈಲೆನ್ಸರಿನ ಜಾಲರಿ ನೋಡಿ. ಆಯಿಲ್ ಜಾಸ್ತಿ ಹಾಕುವವರ ಮೆಷಿನ್ನಿನಲ್ಲಿ ಅದು ಕಾರ್ಬನ್ ಹಿಡಿದು ಮುಚ್ಚಿಹೋಗಿರುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ.

ಸ್ಕ್ರೂ ವಿಷಯ ಕಟ್ಟಕಡೆಗೆ. ಇಂಜಿನ್ ಬಿಸಿಯಾದ ಮೇಲೆ ಎಲ್ ಸ್ಕ್ರೂವನ್ನು (ಕಡಿಮೆ ವೇಗದ ಪೆಟ್ರೋಲ್ ಹೊಂದಿಸುವುದು) ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ನೋಡಿ, ಎಚ್ ಸ್ಕ್ರೂ (ಹೆಚ್ಚು ವೇಗದ್ದು) ಬಿಗಿ ಮಾಡಬೇಡಿ. ಐಡಲ್‌ನಲ್ಲಿ ಬ್ಲೇಡ್ ತಿರುಗುತ್ತಿದ್ದರೆ ಐಡಲ್ ಸ್ಕ್ರೂ ಇಳಿಸಿ, ಬ್ಲೇಡ್ ಪೂರ್ತಿ ನಿಂತ ಮೇಲೆಯೇ ತೋಟಕ್ಕಿಳಿಯಿರಿ.